ದಿಶಾ ಕಾಗದದಲ್ಲಿ ಆಡಿಸಿ ನೋಡಿದ ಕಬಡ್ಡಿ

ಕಬಡ್ಡಿ ಪಂದ್ಯ ನೋಡುತ್ತ, ಮುಂದೇನಾಗುವುದೆಂದು ಸ್ನೇಹಿತರೊಡನೆ ಊಹಿಸುವ ಮೊಬೈಲ್ ಆಟವೊಂದನ್ನು 'ಹೋಟೆಲಿನ ಶಂಭು ಅವರ ಪುತ್ರ ಮನೀಶ' ರೂಪಿಸಿದನೆಂದು ಮುಂಬಯಿ ಬಳಿಯ ನಮ್ಮ ಡೊಂಬಿವಲಿ ಕನ್ನಡ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಿದೆ. ಇದು ಶುದ್ಧ ತಪ್ಪು. ಮನೀಶ ಭಿವಂಡಿಯ ಗೋದಾಮೊಂದರ ಮ್ಯಾನೇಜರ್. ಈ ಆಟಕ್ಕಾಗಿ ತಾನು ಒಂದು ಗೆರೆಯನ್ನೂ ಎಳೆದಿಲ್ಲವೆಂದು ಅವನೇ ಸಂಪಾದಕರಿಗೆ ಬರೆದಿದ್ದಾನೆ. ರೂಪಿಸಿದವಳು ಅವನ ತಂಗಿ ದಿಶಾ. ಇಪ್ಪತ್ತೇಳು ವರ್ಷದವಳು, ಮಹಾಪೆಯಲ್ಲಿ ಮೊಬೈಲ್ ಆಟ ತಯಾರಿಸುವ ಕಂಪನಿಯೊಂದರಲ್ಲಿ ವಿನ್ಯಾಸಕಿ. ಇದನ್ನು ಜೂಜೆಂದು ಜರೆದವರಿಗೂ ತಿಳಿದಿರಲಿ: ಗೆದ್ದರೆ ಸಿಗುವುದು ಅಂಕ ಮಾತ್ರ. ದೂರವಾಣಿ ಇಲಾಖೆಯಿಂದ ನಿವೃತ್ತನಾಗಿ ಶಂಭುವಿನ ಹೋಟೆಲಿಗೆ ನಿತ್ಯ ಬರುವ ನಾನು ದಿಶಾಳ ಕೆಲಸಕ್ಕೆ ಸಾಕ್ಷಿ.

ಕಳೆದ ಜನವರಿಯಲ್ಲಿ ಕಂಪನಿ ಅವಳಿಗೆ ಹದಿನೈದು ದಿನಗಳ ಗಡುವು ಕೊಟ್ಟಿತು. ಅಷ್ಟರಲ್ಲಿ ಜನ ಮನಸಾರೆ ಆಡುವ ಮಾದರಿಯನ್ನು ತೋರಿಸದಿದ್ದರೆ ಆಟವನ್ನೇ ಕೈಬಿಡುವುದೆಂದು ತೀರ್ಮಾನ. ಒಬ್ಬೊಬ್ಬರ ಊಹೆಯೂ ಉಳಿದವರಿಗೆ ತಕ್ಷಣ ಕಾಣಬೇಕೆಂಬುದು ಅವಳ ಮೇಲಧಿಕಾರಿ ಸುದರ್ಶನರ ಷರತ್ತು.

ದಿಶಾ ಕಂಪ್ಯೂಟರ್ ಮುಟ್ಟಲಿಲ್ಲ. ರಟ್ಟನ್ನು ಮೊಬೈಲಿನ ಅಳತೆಗೆ ಕತ್ತರಿಸಿ, ಪೆನ್ಸಿಲಿನಲ್ಲಿ ಗುಂಡಿಗಳನ್ನು ಬರೆದು, ಮಧ್ಯಾಹ್ನ ಮೂರೂವರೆಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಂದೆಯ ಹೋಟೆಲಿಗೆ ಬಂದಳು. ನಾನು, ಶಂಭು, ಹೋಟೆಲಿನ ಮೂವರು ಕೆಲಸದವರು, ಹೀಗೆ ಒಂದೇ ಮೇಜಿಗೆ ಐವರು ಕುಳಿತೆವು. ಟಿವಿಯಲ್ಲಿ ಹಳೆಯ ಪಂದ್ಯ. ಪ್ರತಿ ರೇಡಿಗೂ ಮೊದಲು, ಅಂಕ ಬರುವುದೋ ಆಟಗಾರ ಸಿಕ್ಕಿಬೀಳುವನೋ ಎಂದು ನಾವು ರಟ್ಟಿನ ಗುಂಡಿ ಒತ್ತಬೇಕು. ಅವಳು ನಮ್ಮ ಊಹೆಯನ್ನು ಎಲ್ಲರಿಗೂ ಕಾಣುವ ಹಾಳೆಯಲ್ಲಿ ಬರೆಯುವಳು.

ಹನ್ನೆರಡು ರೇಡುಗಳಲ್ಲಿ ಹನ್ನೊಂದಕ್ಕೆ ಐವರದೂ ಒಂದೇ ಊಹೆ. ಅದು ನನ್ನದು, ಹಿರಿಯನೆಂದು ನಾನೇ ಮೊದಲು ಒತ್ತುತ್ತಿದ್ದೆ. ಅವುಗಳಲ್ಲಿ ಏಳು ತಪ್ಪಾದವು.

"ಚೆನ್ನಯಣ್ಣ, ನೀವು ಊರಲ್ಲಿ ಕಬಡ್ಡಿ ಆಡಿದವರು. ನಿಮಗೂ ಹಾಗೇ ಅನ್ನಿಸಿತಾ?" ಎಂದು ದಿಶಾ ಹೋಟೆಲಿನ ಹಳೆಯ ಅಡುಗೆಯವನನ್ನು ಕೇಳಿದಳು.

"ಇಲ್ಲ ಮಗಾ. ಆದರೆ ರಾಯರು ಹೇಳಿದ ಮೇಲೆ ನಾನು ಬೇರೆ ಹೇಳುದು ಹೇಗೆ ಮಾರಾಯ್ತಿ?"

ದಿಶಾ ನನ್ನ ಕಡೆ ತಿರುಗಿದಳು. "ಅಜ್ಜ, ನಿಮ್ಮದೇನೂ ತಪ್ಪಿಲ್ಲ. ಲೇಕಿನ್ ಗೇಮ್ ತೋ ಮರ್ ಗಯಾ. ಆಟ ಸತ್ತೇ ಹೋಯ್ತು."

ಮರುದಿನ ಅವಳು ಷರತ್ತನ್ನೇ ಮುರಿದಳು. ಪ್ರತಿಯೊಬ್ಬರ ಮುಂದೆಯೂ ಒಂದು ಸಾಂಬಾರ್ ಬಟ್ಟಲು. ಊಹೆಯ ಚೀಟಿ ಅದರಡಿಯಲ್ಲಿ. ಐವರೂ ಮುಚ್ಚಿದ ಮೇಲೆ ಒಟ್ಟಿಗೆ ಎತ್ತಬೇಕು. ಚೆನ್ನಯ ಹನ್ನೆರಡಕ್ಕೆ ಒಂಬತ್ತು ಸರಿ ಹೇಳಿದ. ನಾನು ನಾಲ್ಕು.

"ರಾಯರೇ, ನಿಮ್ಮ ಲೈನ್ ಡೆಡ್!" ಎಂದು ಅದೇ ಚೆನ್ನಯ ಮೇಜು ಬಡಿದ.

"ರಿಪೇರಿಗೆ ಕಂಪ್ಲೇಂಟ್ ಕೊಡ್ಲಾ?" ಎಂದ ಶಂಭು.

ದಿಶಾ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದಳು. ಇನ್ನೊಂದು ಪಂದ್ಯ ಹಾಕೆಂದು ಹಠ ಹಿಡಿದವನು ನಾನೇ.

ಗಡುವಿನ ದಿನ ನಡೆದದ್ದನ್ನು ಅಲ್ಲಿದ್ದ ಅವಳ ಸಹೋದ್ಯೋಗಿ ತೃಪ್ತಿ ಎಂಬವಳ ಬಾಯಿಂದ ಕೇಳಿ ಬರೆಯುತ್ತಿದ್ದೇನೆ. ದಿಶಾ ವಾದಿಸಲಿಲ್ಲ. ಸುದರ್ಶನರನ್ನೂ ಐವರು ಅಧಿಕಾರಿಗಳನ್ನೂ ಕೂರಿಸಿ, ಮೊದಲು ಅವರ ಷರತ್ತಿನಂತೆಯೇ ಆಡಿಸಿದಳು. ಐವರೂ ಸುದರ್ಶನರನ್ನೇ ಅನುಸರಿಸಿದರು. ಬಳಿಕ ಚೀಲದಿಂದ ಆರು ಬಟ್ಟಲು ತೆಗೆದಿಟ್ಟಳು. ಮೊದಲ ಸಲ ಎತ್ತಿದಾಗಲೇ ನಾಲ್ವರು ಸುದರ್ಶನರಿಗೆ ವಿರುದ್ಧ.

ಸುದರ್ಶನರು ಚೀಟಿಗಳನ್ನು ಒಂದೊಂದಾಗಿ ನೋಡಿದರು. "ಇಷ್ಟು ದಿನ ಮೀಟಿಂಗಿನಲ್ಲಿ ಹೌದು ಸರ್, ಹೌದು ಸರ್ ಅನ್ನುತ್ತಿದ್ದವರು ನೀವೇನಾ?" ಎಂದು ನಕ್ಕರು. ಅನಂತರ ದಿಶಾಳಿಗೆ, "ಮುಚ್ಚಿಯೇ ಇರಲಿ. ಈ ಆಟ ನಿನ್ನದು, ತಂಡ ಕಟ್ಟಿಕೊ" ಎಂದರು.

ಉಳಿದವರು ಚಪ್ಪಾಳೆ ತಟ್ಟಿದರಂತೆ. ಅವಳು ಥ್ಯಾಂಕ್ಸ್ ಹೇಳಿ ಪೆನ್ಸಿಲ್ ಕೈಗೆತ್ತಿಕೊಂಡು, "ಸರ್, ಮೊದಲ ಸುತ್ತಿನಲ್ಲಿ ನಿಮ್ಮ ಬೆರಳು ಎರಡು ಸಲ ತಪ್ಪು ಗುಂಡಿಗೆ ಹೋಯಿತು. ಯಾಕೆ?" ಎಂದು ಕೇಳಿದಳು.