ಬನ್ನಿನಂಗಡಿಯ ತೇಮಾ ಕಾಯ್ದ ಪುಟ

ಡಾಲರಿಗೆ ಐದು ಬನ್ನು. ಒಂದು ಡಬ್ಬಿ ಮೀನಿಗೆ ಎರಡೂವರೆ ಡಾಲರ್. ಮೊಬೈಲಿನಲ್ಲಿ ಒಂದು ವಾರದ ಇಂಟರ್ನೆಟ್ಟಿಗೆ ಐದು ಡಾಲರ್. ನೇಯ್ ತೇಮಾ ಈ ಲೆಕ್ಕವನ್ನೆಲ್ಲ ಬನ್ನಿನಲ್ಲೇ ಹಾಕುತ್ತಾರೆ (ಅವರ ನಾಡಿನಲ್ಲಿ ಮರ್ಯಾದೆಗೆ ಹೆಂಗಸರ ಹೆಸರಿನ ಮುಂದೆ ನೇಯ್, ಗಂಡಸರ ಹೆಸರಿನ ಮುಂದೆ ತೆನ್). “ವಿಶ್ವಕೋಶಕ್ಕೆ ನಂದು ವಾರಕ್ಕೆ ಇಪ್ಪತ್ತೈದು ಬನ್ನು ಖರ್ಚು. ನನ್ನ ಗಂಡ ಅಷ್ಟನ್ನ ಎರಡು ಬೆಳಿಗ್ಗೆಗೆ ತಿಂದು ಮುಗಿಸ್ತಾನೆ. ಅವನಿಗಿಂತ ಇದೇ ಅಗ್ಗ.”

ಕಿರಿಬಾಸ್ ಎಂಬ ದ್ವೀಪದೇಶದ ದಕ್ಷಿಣ ತರಾವಾದ ಬಿಕೆನಿಬೆವುವಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಸ್ತೆ ಬದಿಯ ತಗಡಿನ ಮಾಡಿನ ಕೆಳಗೆ ಎಣ್ಣೆ ಕಾಯುತ್ತಿದೆ. ತೇಮಾ ಬಲಗೈಯಲ್ಲಿ ಹಿಟ್ಟಿನ ಉಂಡೆ ಬಾಣಲೆಗೆ ಬಿಡುತ್ತಾರೆ, ಎಡಗೈಯಲ್ಲಿ ಫೋನು ಹಿಡಿದಿದ್ದಾರೆ. ಹಿಟ್ಟು ಮೆತ್ತದಿರಲೆಂದು ಫೋನನ್ನು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಚೀಲದ ಮೇಲಿಂದಲೇ ಹೆಬ್ಬೆರಳು ಆಡಿಸುತ್ತಾರೆ. ಹಿಂದಿನ ತೆಂಗಿನ ಮರದ ತುದಿಯಲ್ಲಿ ಗಂಡ ಬಕೋವಾ ಹಾಡುತ್ತಾ ನೀರಾ ಇಳಿಸುತ್ತಿದ್ದಾನೆ. ಹಾಡು ನಡುವೆ ನಿಲ್ಲುತ್ತದೆ.

“ಬನ್ನು ಸೀದು ಹೋಗ್ತಾ ಇದೆ ಕಣೇ! ಇಲ್ಲಿಗೇ ವಾಸನೆ ಬರ್ತಿದೆ!”

“ನಿನ್ನ ಕೆಲಸ ನೋಡ್ಕೋ, ಬಿದ್ದೀಯ!”

ಊರು ಎದ್ದ ಮೇಲೆ ಎಲ್ಲರೂ ಫೋನು ಹಿಡಿಯುತ್ತಾರೆ, ಇಂಟರ್ನೆಟ್ಟು ತೆವಳುತ್ತದೆ. ಅದಕ್ಕೇ ತೇಮಾ ಈ ಹೊತ್ತನ್ನು ಆರಿಸಿಕೊಂಡಿದ್ದಾರೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಕೆಡಿಸಬಹುದಾದ ಆ ವಿಶ್ವಕೋಶದಲ್ಲಿ ಕಿರಿಬಾಸ್ ದ್ವೀಪಗಳ ಅರವತ್ತು ಚಿಲ್ಲರೆ ಪುಟಗಳನ್ನು ಅವರು ಒಂಬತ್ತು ವರ್ಷದಿಂದ ಕಾಯುತ್ತಿದ್ದಾರೆ. ಸಂಬಳವಿಲ್ಲ. ಇಂದು ಯಾರೋ ಪುಣ್ಯಾತ್ಮ ತರಾವಾದಲ್ಲಿ ಒಂಟೆಗಳಿವೆ ಎಂದು ಸೇರಿಸಿದ್ದಾನೆ. ತೇಮಾ ಅದನ್ನು ಅಳಿಸುತ್ತಾರೆ. “ಒಂಟೆ ಇದ್ದಿದ್ರೆ ನಾನ್ಯಾಕೆ ಬೈರಿಕಿ ಬಸ್ಸಿಗೆ ಒಂದು ಗಂಟೆ ಕಾಯ್ತಿದ್ದೆ?” ಎನ್ನುತ್ತಾ ಬನ್ನು ಮಗುಚುತ್ತಾರೆ.

ಈ ಹುಚ್ಚು ಹತ್ತಿದ್ದು ಕ್ವೀನ್ಸ್‌ಲ್ಯಾಂಡಿನ ಮಾವಿನ ತೋಟದಲ್ಲಿ. ಹಣ್ಣು ಕೀಳುವ ಕೆಲಸಕ್ಕೆಂದು ಇಲ್ಲಿಂದ ಹೋದವರಲ್ಲಿ ತೇಮಾ ಕೂಡ ಒಬ್ಬರು. ನಿಮ್ಮೂರು ಎಲ್ಲಿದೆ ಎಂದು ಜೊತೆ ಕೆಲಸದವಳು ಕೇಳಿದಾಗ ಇಬ್ಬರೂ ಫೋನಿನಲ್ಲಿ ಹುಡುಕಿದರು. ತೇಮಾರ ತಾಯಿಯ ದ್ವೀಪಕ್ಕೆ ಸಿಕ್ಕಿದ್ದು ಎರಡು ಸಾಲು. ಅದರಲ್ಲಿ ಒಂದು ತಪ್ಪು. “ನೀನೇ ಸರಿಮಾಡು, ಯಾರ ಅಪ್ಪಣೆನೂ ಬೇಡ” ಎಂದಳು ಆಕೆ. ಹೈಸ್ಕೂಲು ಮುಗಿಸದ ತನಗೆ ಯಾರು ಬಿಡುತ್ತಾರೆ ಎಂದುಕೊಂಡೇ ತೇಮಾ ತಿದ್ದಿದರು. ಬಿಟ್ಟರು.

ಆಮೇಲೆ ಕಾನೂನುಗಳು ಒಂದೊಂದಾಗಿ ಗೊತ್ತಾದವು. ಅಚ್ಚಾದ ಆಧಾರವಿಲ್ಲದೆ ಏನನ್ನೂ ಬರೆಯುವಂತಿಲ್ಲ. “ನಾನು ಕಣ್ಣಾರೆ ಕಂಡಿದ್ದು ಲೆಕ್ಕಕ್ಕಿಲ್ಲ ಅಂದ್ರು. ಸಿಟ್ಟು ಬಂತು. ಆಮೇಲೆ ಯೋಚ್ನೆ ಮಾಡ್ದೆ. ನಮ್ಮೂರಲ್ಲಿ ಕಣ್ಣಾರೆ ಕಂಡೆ ಅನ್ನೋರು ಎಷ್ಟು ಜನ, ಒಬ್ಬೊಬ್ರು ಕಂಡಿದ್ದು ಒಂದೊಂದು ಥರ!” ಇನ್ನೊಂದು ಕಾನೂನು, ಸಂಬಂಧಿಕರ ಬಗ್ಗೆ ಬರೆಯಬಾರದು. ಇದಕ್ಕೆ ತೇಮಾ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. “ಇಲ್ಲಿ ಸಂಬಂಧ ಇಲ್ಲದೋರು ಅಂದ್ರೆ ಮೀನು ಮಾತ್ರ.” ಹಾಗಾಗಿ ಅವರು ಶುರುಮಾಡಿದ್ದೇ ಮೀನಿನಿಂದ. ಹಾರುವ ಮೀನಿನ ಪುಟದಲ್ಲಿ ಅವರ ಕೈ ಇದೆ. ದೋಣಿ, ಬಂಡೆಸಾಲು, ಕೇದಗೆ ಚಾಪೆಯ ನೇಯ್ಗೆ, ಎಲ್ಲದರಲ್ಲೂ ಇದೆ. ಮನುಷ್ಯರ ಪುಟಗಳಲ್ಲಿ ಅವರು ಏನನ್ನೂ ಸೇರಿಸುವುದಿಲ್ಲ, ಯಾರಾದರೂ ಸುಳ್ಳು ಸೇರಿಸಿದರೆ ತೆಗೆಯುತ್ತಾರೆ, ಅಷ್ಟೇ.

ಈ ‘ಅಷ್ಟೇ’ ಎಂಬುದೇ ಕಳೆದ ವರ್ಷ ಅವರಿಗೆ ದುಬಾರಿಯಾಯಿತು.

ತೆನ್ ತಬೋಯಾ ಭಾರ ಎತ್ತುವವನು. ಹೊರದೇಶದ ಕ್ರೀಡಾಕೂಟಗಳಿಗೆ ಹೋಗಿ ಬಂದು, ವಿಶ್ವಕೋಶದಲ್ಲಿ ಪುಟ ಪಡೆದ ಈ ಕೇರಿಯ ಒಬ್ಬನೇ ಒಬ್ಬ. ಕಡಲು ಕೆರಳುವ ಪಡುಗಾಳಿಯ ತಿಂಗಳಲ್ಲಿ ಅವನು ಒಬ್ಬನೇ ಟ್ಯೂನಾ ಹಿಡಿಯಲು ಹೋದ. ದೋಣಿ ಮರಳಲಿಲ್ಲ. ಹುಡುಕುವ ವಿಮಾನ ಬಂತು, ಸುತ್ತಿತು, ಹೋಯಿತು. ಹುಡುಕಾಟ ನಿಂತ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಅವನ ಪುಟದಲ್ಲಿ ಯಾರೋ ಸಾವಿನ ತಾರೀಕು ಬರೆದರು. ತೇಮಾ ತೆಗೆದರು. ಮತ್ತೊಬ್ಬರು ಬರೆದರು. ಮತ್ತೆ ತೆಗೆದರು. ಪತ್ರಿಕೆ ಹೇಳಿದ್ದು ಹುಡುಕಾಟ ನಿಂತಿತು ಎಂದು. ಸತ್ತ ಎಂದು ಯಾರೂ ಅಚ್ಚುಹಾಕಿಲ್ಲ.

ಹೀಗೆ ತೆಗೆಯುತ್ತಿರುವುದು ಬನ್ನಿನಂಗಡಿಯವಳು ಎಂದು ಊರಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ತಬೋಯಾನ ದೊಡ್ಡಪ್ಪ ತೆನ್ ಕೌರೆ ಒಂದು ಸಂಜೆ ಬಂದು ಚಾಪೆಯ ಮೇಲೆ ಕೂತರು. ಊರ ಸಭಾಮಂಟಪದಲ್ಲಿ ಮೊದಲ ಮಾತು ಅವರದು.

“ತೇಮಾ, ನನ್ನದೊಂದು ಬುಬುಸಿ.”

ಆ ಪದ ಕಿವಿಗೆ ಬಿದ್ದ ಕೂಡಲೇ ತೇಮಾ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ನೆಂಟರು ಬಾಯಿಬಿಟ್ಟು ಬುಬುಸಿ ಎಂದು ಕೇಳಿದ ಮೇಲೆ ಇಲ್ಲಿ ಇಲ್ಲ ಅನ್ನುವಂತಿಲ್ಲ. ದೋಣಿ ಕೇಳಿದರೂ ಕೊಡಬೇಕು, ಮೈಮೇಲಿನ ಅಂಗಿ ಕೇಳಿದರೂ ಕೊಡಬೇಕು.

“ಹುಡುಗನ ಹೆಸರಲ್ಲಿ ಅಳಬೇಕು, ಊಟ ಹಾಕಬೇಕು. ಅವನಮ್ಮ ಒಪ್ತಾ ಇಲ್ಲ. ಪ್ರಪಂಚವೆಲ್ಲ ನೋಡೋ ಪುಸ್ತಕದಲ್ಲಿ ಹೋದ ಅಂತ ಬಂದ್ರೆ ಅವಳೂ ಒಪ್ತಾಳೆ. ಬರಿ.”

“ಮಾವ, ಅಂಗಡಿ ಕೇಳಿ, ಕೊಡ್ತೀನಿ. ಇದು ನನ್ನದಲ್ಲ, ಹೇಗೆ ಕೊಡ್ಲಿ?”

“ನಿನ್ನ ಬೆರಳಲ್ವಾ ಬರೆಯೋದು?”

“ಬೆರಳು ನಂದು. ಪುಟ ನಂದಲ್ಲ.”

ಕೌರೆ ಎದ್ದು ಹೋದರು. ಬಕೋವಾನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಹೆಂಡತಿ ಹಿಟ್ಟು ನಾದುವಾಗ ಅವಳ ಫೋನು ತೆಗೆದುಕೊಂಡು ತಬೋಯಾ ಹೋದ ಎಂದು ತಾನೇ ಬರೆದುಬಿಟ್ಟ, ಅವಳ ಹೆಸರಿನಲ್ಲೇ. ತೇಮಾ ಕಂಡ ಕೂಡಲೇ ತೆಗೆದರು. ತಾಸ್ಮೇನಿಯಾದ ಹಿರಿಯ ಸಂಪಾದಕಿಯೊಬ್ಬಳು ಚರ್ಚೆಯ ಪುಟದಲ್ಲಿ ಕೇಳಿದಳು: “ನೀನು ಬರೆದದ್ದನ್ನು ನೀನೇ ಅಳಿಸಿದ್ದೀಯ. ಆರೋಗ್ಯ ಸರಿಯಿದೆ ತಾನೆ?” ತೇಮಾ ಉತ್ತರಿಸಿದರು: “ನನಗೆ ಸರಿಯಿದೆ. ಗಂಡನಿಗೆ ಸರಿಯಿಲ್ಲ.” ಬಕೋವಾ ಈಗಲೂ ಈ ಮಾತು ಬಂದರೆ ಮರ ಹತ್ತಿಬಿಡುತ್ತಾನೆ.

ಎರಡನೆಯ ಬುಬುಸಿ ಹೊತ್ತು ಬಂದವರು ತಬೋಯಾನ ತಾಯಿ ನೇಯ್ ಅಕೆನೇತೆ. ಬಕೋವಾನಿಗೆ ಸೋದರತ್ತೆ.

“ಕೌರೆಗೆ ಆಗಲ್ಲ ಅಂದ್ಯಂತೆ. ಒಳ್ಳೇ ಕೆಲಸ ಮಾಡಿದೆ. ನಂದೂ ಒಂದಿದೆ. ಬದುಕಿದ್ದಾನೆ, ವಾಪಸ್ ಬರ್ತಾನೆ ಅಂತ ಹಾಕು.”

“ಅತ್ತೆ, ಅದನ್ನೂ ಹಾಕೋಕಾಗಲ್ಲ.”

“ತಾಯಿ ಹೇಳಿದ್ದೂ ಸಾಲದಾ ನಿಮಗೆ?”

“ಸಾಲಲ್ಲ ಅತ್ತೆ.” ತೇಮಾ ಅದನ್ನು ಹೇಳುವಾಗ ಅಳುತ್ತಿದ್ದರಂತೆ. “ಹೋದ ಅಂತ ಯಾರೂ ಬರೀದ ಹಾಗೆ ನೋಡ್ಕೋತೀನಿ. ಅಷ್ಟೇ ನನ್ನ ಕೈಲಿರೋದು.”

ಒಂದೇ ವಾರದಲ್ಲಿ ಎರಡು ಬುಬುಸಿಗೆ ಇಲ್ಲ ಅಂದವಳು ಈ ಕೇರಿಯಲ್ಲಿ ಹಿಂದೆ ಯಾರೂ ಇರಲಿಲ್ಲ. ಜನ ಜಗಳವಾಡಲಿಲ್ಲ, ಬನ್ನು ಕೊಳ್ಳುವುದು ಬಿಟ್ಟರು. ಶಾಲೆಯ ಮಕ್ಕಳು ಕೂಡ ರಸ್ತೆಯ ಆಚೆ ಬದಿಯಲ್ಲೇ ನಡೆದರು. ಸಭಾಮಂಟಪದಲ್ಲಿ ತೇಮಾ ಕೂತ ಚಾಪೆಯ ಪಕ್ಕ ಜಾಗ ಖಾಲಿ ಉಳಿಯಿತು. ಉಳಿದ ಬನ್ನನ್ನು ಬಕೋವಾ ಹಂದಿಗಳಿಗೆ ಹಾಕಿದ. “ಆ ವರ್ಷ ನಮ್ಮ ಹಂದಿಗಳಷ್ಟು ದಪ್ಪ ಯಾರ ಹಂದಿನೂ ಆಗಿರಲಿಲ್ಲ” ಎನ್ನುತ್ತಾನೆ.

ಸ್ವಲ್ಪ ದಿನ ಬಿಟ್ಟು ಅಕೆನೇತೆ ಒಂದು ಮುಂಜಾನೆ ಅಂಗಡಿಯ ಮುಂದೆ ಬಂದು ನಿಂತರು. ಬನ್ನು ಕೇಳಲಿಲ್ಲ.

“ಹಾಗೇ ಇದೆಯಾ?”

ತೇಮಾ ಪುಟ ತೆರೆದು ನೋಡಿದರು. ಆ ಬೆಳಿಗ್ಗೆಯೂ ಯಾರೋ ಬರೆದಿದ್ದರು. ಮೊದಲು ತೆಗೆದು, ಆಮೇಲೆ ತಲೆಯೆತ್ತಿದರು. “ಹಾಗೇ ಇದೆ ಅತ್ತೆ.”

ಅಂದಿನಿಂದ ಅದು ದಿನಚರಿಯಾಯಿತು. ಅಕೆನೇತೆ ಬರುವರು, ಕೇಳುವರು, ಉತ್ತರ ಪಡೆದು ಹೋಗುವರು. ಅವರು ಬರುವುದಕ್ಕೆ ಮುಂಚೆ ಪುಟ ಸರಿಯಿರಬೇಕೆಂದು ತೇಮಾ ಇನ್ನಷ್ಟು ಬೇಗ ಏಳತೊಡಗಿದರು.

ಆಮೇಲೆ ದೂರದ ಹವಳದ ದ್ವೀಪವೊಂದರಲ್ಲಿ ದೋಣಿ ಸಿಕ್ಕಿತು. ಪೆಟ್ರೋಲಿನ ಡಬ್ಬಿಯನ್ನು ದೋಣಿಗೆ ಬಿಗಿದು ಕಟ್ಟಿದ್ದದ್ದು ಭಾರ ಎತ್ತುವವರ ಸೊಂಟಪಟ್ಟಿ. ದೋಣಿಯಲ್ಲಿ ಬೇರೇನೂ ಇರಲಿಲ್ಲ. ನ್ಯಾಯಾಲಯ ವಿಚಾರಿಸಿ, ತಬೋಯಾ ಸತ್ತಿದ್ದಾನೆ ಎಂದು ತೀರ್ಮಾನ ಹೇಳಿತು. ಶುಕ್ರವಾರದ ಪತ್ರಿಕೆ ಅದನ್ನು ಅಚ್ಚುಹಾಕಿತು. ಈಗ ಆಧಾರ ಬಂತು.

ತೇಮಾ ಪತ್ರಿಕೆ ಹಿಡಿದು, ಒಲೆ ಆರಿಸಿ, ಅಕೆನೇತೆಯ ಮನೆಗೆ ನಡೆದರು. ಮುದುಕಿಗೆ ಸುದ್ದಿ ಹಿಂದಿನ ರಾತ್ರಿಯೇ ಮುಟ್ಟಿತ್ತು.

“ಅತ್ತೆ, ಇವತ್ತು ಯಾರಾದ್ರೂ ಬರೆದ್ರೆ ನಾನು ತೆಗೆಯೋ ಹಾಗಿಲ್ಲ.”

“ಗೊತ್ತಿಲ್ಲದೋನು ಯಾರೋ ಬರೀತಾನಾ?”

“ಹೌದು.”

“ಬೇಡ. ನೀನೇ ಬರಿ. ಇಲ್ಲೇ ಕೂತು ಬರಿ.” ತೇಮಾ ಫೋನು ತೆಗೆದ ಮೇಲೆ ಮತ್ತೆ ಕೇಳಿದರು, “ದಿನ ಯಾವುದು ಅಂತ ಹಾಕ್ತೀಯ?”

“ದಿನ ಯಾರಿಗೂ ಗೊತ್ತಿಲ್ಲ ಅತ್ತೆ. ವರ್ಷ ಮಾತ್ರ ಹಾಕ್ತೀನಿ.”

“ಹ್ಞೂಂ. ಗೊತ್ತಿಲ್ಲದ್ದು ಹಾಕಬೇಡ.”

ಮನುಷ್ಯರ ಪುಟದಲ್ಲಿ ತೇಮಾ ಬರೆದದ್ದು ಆ ಒಂದೇ ಸಾಲು. ಆ ಸಂಜೆ ಹುಡುಗನ ಹೆಸರಿನ ಊಟಕ್ಕೆ ಬನ್ನೆಲ್ಲ ತೇಮಾರದೇ, ಅಕೆನೇತೆ ಹೇಳಿ ಕಳಿಸಿದ್ದರು. ಮಾರನೆಯ ಬೆಳಿಗ್ಗೆ ಅಂಗಡಿಗೆ ಮೊದಲು ಬಂದವರು ಕೌರೆ. ಒಂದು ಡಾಲರ್ ಇಟ್ಟು ಐದು ಬನ್ನು ಎಣಿಸಿಕೊಂಡರು, ಹೋಗಲಿಲ್ಲ.

“ಇನ್ನೊಂದು ಹಾಕು.”

“ಡಾಲರಿಗೆ ಐದೇ ಮಾವ.”

“ಬುಬುಸಿ ಕಣೇ.”

ತೇಮಾ ಒಂದಲ್ಲ, ಎರಡು ಹಾಕಿದರು.

ಮುಂದೇನು ಆಸೆ ಎಂದು ಕೇಳಿದರೆ ತೇಮಾ ಬಾಣಲೆಯಿಂದ ಬನ್ನು ತೆಗೆಯುತ್ತಲೇ ಹೇಳುತ್ತಾರೆ. “ಈ ಕೇರಿಯಲ್ಲಿ ಇನ್ನೊಬ್ಬರು ಕಲಿತ್ರೆ ಸಾಕು. ನನಗೆ ಜ್ವರ ಬಂದ ದಿನ ನಮ್ಮೂರಿಗೆ ಒಂಟೆ ಬರಬಾರದಲ್ವಾ?”

ಅಕೆನೇತೆ ಈಗಲೂ ಮುಂಜಾನೆ ಬರುತ್ತಾರೆ, ಹಾಗೇ ಇದೆಯಾ ಎಂದು ಕೇಳುತ್ತಾರೆ, ಬನ್ನು ಕೂಡ ಕೊಳ್ಳುತ್ತಾರೆ. ಆ ವರ್ಷ ತೇಮಾ ಅರ್ಧ ವ್ಯಾಪಾರ ಕಳೆದುಕೊಂಡರು. ಅದು ಹೆಚ್ಚುಕಡಿಮೆ ಮರಳಿದೆ. ಅಕೆನೇತೆ ಮಗನನ್ನು ಕಳೆದುಕೊಂಡರು. ಅವನು ಮರಳುವುದಿಲ್ಲ. ಉಳಿದಿರುವುದು ಒಂಬತ್ತು ಸಾಲಿನ ಒಂದು ಪುಟ, ಅದರಲ್ಲಿ ಸುಳ್ಳು ಒಂದೂ ಇಲ್ಲ.