ಕಂಪ್ಯೂಟರ್ ಮಾತು ನಿಲ್ಲಿಸಿದ ಶನಿವಾರ

ಹೈಸ್ಕೂಲಿನಲ್ಲಿ ನನಗೆ ಇತಿಹಾಸ ಕಲಿಸಿದ ಸರ್ ಮಸ್ಕಿಯಲ್ಲಿದ್ದಾರೆ. ಕೆಲವು ವರ್ಷಗಳ ಹಿಂದೆ ಅವರ ಎರಡೂ ಕಣ್ಣು ಹೋದವು. ಆದರೂ ಪಾಠ ಮಾಡುವುದನ್ನು ಬಿಡಲಿಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಉಚಿತ ಸಾಫ್ಟ್‌ವೇರನ್ನು ಅವರ ಲ್ಯಾಪ್‌ಟಾಪಿಗೆ ಹಾಕಿಕೊಟ್ಟವಳು ನಾನು. ಸಿಂಧನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ.

ಒಂದು ದಿನ ಸರ್ ಫೋನ್ ಮಾಡಿದರು.

"ನಿನ್ನ ಯಂತ್ರಕ್ಕ ನೆಗಡಿ ಆಗ್ಯಾದ ನೋಡವ್ವಾ. ಗಂಗರಿಗೆ ‘ಗಮ್‌ಗರು’ ಅಂತದ. ಲಿಂಗಸುಗೂರಿಗೆ ‘ಲಿಮ್‌ಗಸುಗೂರು’ ಅಂತದ. ಕದಂಬರನ್ನ ಮಾತ್ರ ಸರಿ ಹೇಳ್ತದ."

ತಪ್ಪು ತಕ್ಷಣ ಗೊತ್ತಾಯಿತು. ಕನ್ನಡದ ಸೊನ್ನೆಯ ಉಚ್ಚಾರ ಮುಂದಿನ ಅಕ್ಷರವನ್ನು ನೋಡಿ ಬದಲಾಗುತ್ತದೆ. ಸಾಫ್ಟ್‌ವೇರು ಎಲ್ಲ ಕಡೆ ‘ಮ್’ ಎಂದೇ ಓದುತ್ತಿತ್ತು. ಅದರ ಕೋಡ್ ಯಾರು ಬೇಕಾದರೂ ತಿದ್ದಬಹುದಾದದ್ದು. ನಾನು ಉಚ್ಚಾರದ ನಿಯಮಗಳನ್ನು ತಿದ್ದಿ, ನನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಆವೃತ್ತಿ ಕಟ್ಟಿ ಓಡಿಸಿದೆ. ಅದು ಲಿಂಗಸುಗೂರನ್ನು ನಮ್ಮ ಬಸ್ ಕಂಡಕ್ಟರ್ ಕೂಗುವಷ್ಟೇ ಸ್ಪಷ್ಟವಾಗಿ ಹೇಳಿತು.

ಆ ಭಾನುವಾರ ಲಿಂಗಸುಗೂರಿನಲ್ಲಿ ಕಣ್ಣು ಕಾಣದವರ ಒಂದು ಸಣ್ಣ ಸಭೆ ಇತ್ತು. ಕಂಪ್ಯೂಟರ್ ಹೇಗೆ ಓದುತ್ತದೆ ಎಂಬುದನ್ನು ಸರ್ ಅಲ್ಲಿ ತೋರಿಸುವವರಿದ್ದರು. ಅಷ್ಟರೊಳಗೆ ಹೊಸದನ್ನು ಹಾಕಿಬಿಡೋಣವೆಂದು ಶನಿವಾರ ಮಧ್ಯಾಹ್ನ ಮಸ್ಕಿಗೆ ಹೋದೆ. ಹಾಕಿದೆ. ಲ್ಯಾಪ್‌ಟಾಪನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದೆ. ಸರ್ ಕೀಲಿ ಒತ್ತಿದರು. ಸದ್ದಿಲ್ಲ.

"ಚಾಲೂ ಆತೇನು?"

"ಆಗ್ಯಾದ್ರಿ ಸರ್. ಮಾತಾಡವಲ್ದು."

ಪರದೆಯ ಮೇಲೆ ಒಂದೇ ಸಾಲು: ಆವೃತ್ತಿಗಳು ಹೊಂದುತ್ತಿಲ್ಲ. ನಮ್ಮ ಕಸುಬಿನಲ್ಲಿ ಲೈಬ್ರರಿ ಎಂದರೆ ಪುಸ್ತಕಾಲಯವಲ್ಲ, ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನ ಒಂದು ಕಟ್ಟು. ಸರ್ ಅವರ ಲ್ಯಾಪ್‌ಟಾಪಿನಲ್ಲಿ ಮೊದಲೇ ಹಾಕಿದ್ದ ಹಳೆಯ ಲೈಬ್ರರಿ ಹಾಗೇ ಕೂತಿತ್ತು. ಹೊಸ ಪ್ರೋಗ್ರಾಂ ತನ್ನ ಹೊಸ ಲೈಬ್ರರಿಯನ್ನು ಬಿಟ್ಟು ಹಳೆಯದನ್ನೇ ಕರೆಯುತ್ತಿತ್ತು. ಹಳೆಯದಕ್ಕೆ ನನ್ನ ಹೊಸ ನಿಯಮಗಳು ಅರ್ಥವಾಗುತ್ತಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸುವಾಗ ‘ಈ ಫೋಲ್ಡರಿನಲ್ಲಿ ಮೊದಲು ಹುಡುಕು’ ಎಂಬ ಆದೇಶವನ್ನು ನಾನೇ ಕೊಟ್ಟಿದ್ದೆ. ಅದಕ್ಕೇ ಅಲ್ಲಿ ಎಲ್ಲ ಸರಿಯಿತ್ತು.

ಸರ್ ಅವರ ಹೆಂಡತಿ, ನಮ್ಮ ಅಮ್ಮಾರು, ಚಾ ತಂದರು. "ಏನಾತು? ಮನಿ ಇಷ್ಟ್ಯಾಕ ಸುಮ್ಮ ಆಗ್ಯಾದ?" ಎಂದರು. ದಿನವಿಡೀ ಆ ಮನೆಯಲ್ಲಿ ಅದೊಂದು ದನಿ ಇರುತ್ತಿತ್ತಂತೆ.

ಮೊದಲು ಹಳೆಯ ಲೈಬ್ರರಿಯನ್ನು ತೆಗೆಯಲು ನೋಡಿದೆ. ಅದನ್ನು ತೆಗೆದರೆ ಪರದೆ ಓದುವ ಪ್ರೋಗ್ರಾಂ ಕೂಡ ಹೋಗುತ್ತದೆ ಎಂಬ ಎಚ್ಚರಿಕೆ ಬಂತು. ಕೈ ಹಿಂದೆ ತೆಗೆದುಕೊಂಡೆ. ಅಷ್ಟರಲ್ಲಿ ಸರ್, "ನಾಳಿನ ಟಿಪ್ಪಣಿ ಒಮ್ಮಿ ಕೇಳಬೇಕಿತ್ತಲ್ಲ" ಎಂದರು. ಅವರು ಕುಳಿತಲ್ಲೇ ಬೆರಳನ್ನು ಕೀಲಿಗಳ ಮೇಲೆ ಸುಮ್ಮನೆ ಆಡಿಸುತ್ತಿದ್ದರು. "ಪರದಿ ಮ್ಯಾಲ ಈಗ ಎಲ್ಲಿ ಅದೀವಿ?" ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ನನಗೆ ಬಹಳ ಕೆಟ್ಟದೆನಿಸಿತು. ಟಿಪ್ಪಣಿ ತೆರೆದು ನಾನೇ ಓದತೊಡಗಿದೆ.

"ನೀ ಭಾಳ ನಿಧಾನ ಓದ್ತಿ," ಎಂದರು ಸರ್.

ಅವರು ಯಂತ್ರವನ್ನು ನಮಗ್ಯಾರಿಗೂ ತಿಳಿಯದಷ್ಟು ವೇಗವಾಗಿ ಓಡಿಸುತ್ತಿದ್ದರು. ನಾನು ವೇಗ ಹೆಚ್ಚಿಸಿದೆ. ಎರಡನೆಯ ಸಾಲಿಗೇ ನಾಲಿಗೆ ತೊಡರಿತು. ಒಳಗಿನಿಂದ ಅಮ್ಮಾರು ನಕ್ಕಿದ್ದು ಕೇಳಿಸಿತು. ಸರ್ ಕೂಡ ನಕ್ಕರು.

ಓದಿ ಮುಗಿಸಿ ಮತ್ತೆ ಕೆಲಸಕ್ಕೆ ಕೂತೆ. ಹಳೆಯದನ್ನು ಅಳಿಸದೆ, ಇಡೀ ವ್ಯವಸ್ಥೆಯೇ ಮೊದಲು ಹೊಸ ಫೋಲ್ಡರಿನಲ್ಲಿ ಹುಡುಕುವಂತೆ ಬರೆದಿಟ್ಟೆ. ಮತ್ತೆ ಚಾಲೂ ಮಾಡಿದಾಗ ಲ್ಯಾಪ್‌ಟಾಪ್ ಮಾತಾಡಿತು. ಸರ್ ಗಂಗರ ಪಾಠ ತೆಗೆದು ಒಂದು ಪುಟ ಪೂರ್ತಿ ಓದಿಸಿಕೊಂಡರು.

"ಸರಿ ಅದ. ಆದ್ರ ಇವ ಬ್ಯಾರೇ ಮನುಷ್ಯಾ ಅನಿಸ್ತಾನ. ರೂಢಿ ಆಗಬೇಕು," ಎಂದು ವೇಗ ಹೆಚ್ಚಿಸಿಕೊಂಡರು.

ಮರುದಿನ ಲಿಂಗಸುಗೂರಿಗೆ ನಾನೂ ಹೋದೆ. ಸರ್ ತೋರಿಸಿ ಮುಗಿಸಿದ ಮೇಲೆ ಮುದಗಲ್‌ನಿಂದ ಬಂದಿದ್ದ ಒಬ್ಬ ಯುವತಿ ನನ್ನ ದನಿ ಕೇಳಿದ ಕಡೆ ತಿರುಗಿದಳು. ಆಕೆಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ.

"ನನ್ನ ಲ್ಯಾಪ್‌ಟಾಪಿನ್ಯಾಗ ಉರ್ದೂ ಕಿತಾಬು ಅದಾವ್ರಿ. ಅದನ್ನೂ ಓದತದೇನ್ರಿ?"

"ಉರ್ದೂನೂ ಅದ. ಆದ್ರ ಸರಿ ಹೇಳ್ತದೋ ತಪ್ಪು ಹೇಳ್ತದೋ ನನಗ ತಿಳಿಯಂಗಿಲ್ಲ."

"ನನಗ ತಿಳಿತದ," ಎಂದಳು.

ಈಗ ಆಕೆಯ ಲ್ಯಾಪ್‌ಟಾಪಿನಲ್ಲೂ ಆ ಸಾಫ್ಟ್‌ವೇರಿದೆ. ಯಂತ್ರ ತಪ್ಪು ಹೇಳಿದ ಪದವನ್ನು ತಾನು ಸರಿಯಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ನಾನು ಅದನ್ನು ಕೇಳಿ ಕೇಳಿ ನಿಯಮ ಬರೆಯುತ್ತೇನೆ. ಅರ್ಥ ಗೊತ್ತಿಲ್ಲದ ಎಷ್ಟೋ ಪದಗಳು ನನ್ನ ಬಾಯಿಗೂ ಬಂದುಬಿಟ್ಟಿವೆ.