ನಿಪ್ಪಾಣಿಗೆ ಬಂದ ರೈಲಿನ ಹಲಗೆ

ತನ್ನ ಹಲಗೆಯನ್ನು ಹಪ್ಪಳ ಎಂದ ಜ್ಞಾನದೇವ ಸುತಾರನನ್ನು ಬಡಿಗೇರ ಮುರಗೆಪ್ಪ ಇಂದಿಗೂ ಕ್ಷಮಿಸಿಲ್ಲ. ಅಂದದ್ದಾದರೂ ಎಲ್ಲಿ? ನಿಪ್ಪಾಣಿಯ ಚಹಾದಂಗಡಿಯ ಮುಂದೆ, ಊರಿನವರೆಲ್ಲ ಕೇಳುವಂತೆ. "ಮುರಗೆಪ್ಪಾ, ರೈಲ ಆಮ್ಯಾಲ ಓಡಸು. ಮೊದಲ ಆ ಹಪ್ಪಳ ಎಣ್ಣ್ಯಾಗ ಕರಿ." ಜನ ನಕ್ಕರು. ಮುರಗೆಪ್ಪನ ಬಸಿಯ ಚಹಾ ಅಂಗಿಯ ಮೇಲೆ ಚೆಲ್ಲಿತು.

ತೊಂಬತ್ತೆರಡರ ಗಣಪತಿ ಹಬ್ಬ ಹತ್ತಿರ ಬಂದಿತ್ತು. ನಿಪ್ಪಾಣಿಗೆ ರೈಲಿಲ್ಲ, ರೈಲು ಕಾಣಬೇಕೆಂದರೆ ರಾಯಬಾಗದ ಕಡೆ ಹೋಗಬೇಕು. ಅದಕ್ಕೇ ಓಣಿಯ ಮಂಡಳದವರು ಆ ವರ್ಷ ಗಣಪತಿಯ ಮುಂದೆ 'ನಿಪ್ಪಾಣಿಗೆ ರೈಲು ಬಂತು' ಎಂಬ ದೇಖಾವೆ, ಅಂದರೆ ಬೊಂಬೆಯಾಟದಂಥ ಪ್ರದರ್ಶನ, ಮಾಡಲು ಹೊರಟಿದ್ದರು. ಮಂಡಳದ ಅಧ್ಯಕ್ಷರು ಬೆಲ್ಲದ ವ್ಯಾಪಾರಿ ರಾವಸಾಹೇಬರು. ಅವರೇ ಮುಂಬಯಿಯಿಂದ ಕರೆಂಟಿನ ಮೇಲೆ ಓಡುವ ಪುಟ್ಟ ರೈಲು ತರಿಸಿದ್ದರು. ಎರಡು ದೊಡ್ಡ ಪ್ಲೈವುಡ್ ಹಲಗೆ ಕೂಡಿಸಿ, ಹಳಿ ಹಾಸಿ, ಸ್ಟೇಶನ್ನು, ಗುಡ್ಡ, ತಂಬಾಕಿನ ಹೊಲ ಎಬ್ಬಿಸುವ ಕೆಲಸ ಮುರಗೆಪ್ಪನದು. ಜ್ಞಾನದೇವ ಪಕ್ಕದ ಓಣಿಯ ಎದುರಾಳಿ ಮಂಡಳದ ಬಡಿಗ.

ಮುರಗೆಪ್ಪ ಹಲಗೆಗಳಿಗೆ ದಪ್ಪಗೆ ಹಸಿರು ಬಣ್ಣ ಬಳಿದಿದ್ದ. ಮೇಲ್ಮೈಗೆ ಮಾತ್ರ, ಕೆಳಗಿನದನ್ನು ಯಾರು ನೋಡುತ್ತಾರೆ? ಶ್ರಾವಣದ ಜಿಟಿಜಿಟಿ ಮಳೆಗೆ ಹಲಗೆಗಳ ಅಂಚು ಮೇಲೆದ್ದು ರೊಟ್ಟಿಹಿಟ್ಟು ನಾದುವ ಪರಾತದಂತಾದವು. ರೈಲು ಎರಡು ಹಲಗೆ ಕೂಡುವಲ್ಲಿಗೆ ಬರುವುದು, ಎಂಜಿನ್ನು ಮಗುಚುವುದು, ಡಬ್ಬಿಗಳು ಅದರ ಬೆನ್ನ ಮೇಲೆ ಏರುವುದು. ಮುರಗೆಪ್ಪ ಪ್ಲೈವುಡ್ ಮಾರಿದವನ ಏಳು ತಲೆಮಾರಿಗೆ ಬೈದ.

"ಬೈಯೋದು ಬಿಡೋ, ಭಾರ ಹೇರು. ನನ್ನ ಗೋದಾಮಿನಾಗ ಬೆಲ್ಲ ಐತಿ," ಎಂದರು ರಾವಸಾಹೇಬರು.

ಹಳಿ ಬಿಚ್ಚಿ, ಹಲಗೆ ಕವುಚಿ ಹಾಕಿ, ಗೋಣಿ ಹಾಸಿ, ಆಳು ಹೊರುವಂಥ ಬೆಲ್ಲದ ಪೆಂಟಿಗಳನ್ನು ಸಾಲಾಗಿ ಒಟ್ಟಿದರು. ಬೆಲ್ಲದ ಊರಿನವರಿಗೆ ಇದಕ್ಕಿಂತ ಬೇರೆ ಏನು ಹೊಳೆಯಬೇಕು? ಬೆಲ್ಲ ಮಳೆಗಾಲದಲ್ಲಿ ನೀರೊಡೆಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹುರುಪಿನಲ್ಲಿ ಇಬ್ಬರೂ ಮರೆತರು. ಮರುದಿನ ಗೋಣಿ ತೆಗೆದರೆ ಹಲಗೆ ಪಾಕ ಕುಡಿದು ಮೊದಲಿಗಿಂತ ಹೆಚ್ಚು ಬಾಗಿತ್ತು. ಮೇಲೆ ಕೆಂಪಿರುವೆಗಳ ಸಾಲು ವಾರಕರಿಗಳ ದಿಂಡಿಯಂತೆ ಹೊರಟಿತ್ತು.

"ರೈಲು ಇಲ್ಲದಿದ್ರ ಏನಾತ್ರಿ, ಪ್ಯಾಸೆಂಜರ್ ಬಂದಾವಲ್ಲ," ಎಂದಳು ಹೆಂಡತಿ ಗಿರಿಜವ್ವ, ಅವನು ಮನೆಗೆ ಬಂದು ಹೇಳಿದಾಗ.

ಮುರಗೆಪ್ಪನ ಕಣ್ಣು ಕೆಂಪಾದವು. ಒಂದು ಮಾತು ಕಟುವಾಗಿ ಆಡಬೇಕೆಂದು ಅವಳತ್ತ ತಿರುಗಿದವನು ಅಲ್ಲೇ ನಿಂತುಬಿಟ್ಟ. ಅವಳು ನೀರಿನ ಹಂಡೆಯ ಮುಚ್ಚಳ ತೆಗೆಯುತ್ತಿದ್ದಳು. ಅದೇ ಪ್ಲೈವುಡ್ಡಿನ ತುಂಡು. ಹಗಲಿರುಳು ನೀರಿನ ಮೇಲಿದ್ದರೂ ಕನ್ನಡಿಯಂತೆ ಸಪಾಟು.

"ಇದು ಯಾಕ ಬಾಗಿಲ್ಲಾ?"

"ನಾ ಎರಡೂ ಮಗ್ಗಲಾ ಬಣ್ಣಾ ಹಚ್ಚೇನಿ. ತೊಳಿಬೇಕಲ್ಲ. ನಿಮ್ಮಂಗ ಮ್ಯಾಲಿಂದ ಅಷ್ಟ ಚಂದ ಮಾಡಿದ್ರ ಹೆಂಗ?"

ಅವನು ಮುಚ್ಚಳ ಕಸಿದುಕೊಂಡು ಓಣಿಗೆ ಓಡಿದ. ಬಣ್ಣವಿಲ್ಲದ ಮಗ್ಗಲು ತಂಪು ಕುಡಿದು ಉಬ್ಬಿದೆ, ಬಣ್ಣದ ಮಗ್ಗಲು ಹಾಗೇ ಇದೆ. ಬಾಗದೆ ಏನು ಮಾಡೀತು? ಹಲಗೆ ತೊಳೆದು, ಕಮ್ಮಾರನ ಕುಲುಮೆಯ ಕಾವಿಗೆ ದೂರದಿಂದ ಹಿಡಿದು ಒಣಗಿಸಿದರು. ಇನ್ನು ಕೆಳಗೆ ಅಡ್ಡಪಟ್ಟಿ ಹೊಡೆದು ಎಳೆದು ನಿಲ್ಲಿಸಬೇಕು. ಆದರೆ ಆ ಮಳೆಯಲ್ಲಿ ಒಣಗಿದ, ನೆಟ್ಟನೆಯ ಕಟ್ಟಿಗೆ ಇದ್ದದ್ದು ಊರಲ್ಲಿ ಒಂದೇ ಕಡೆ. ಜ್ಞಾನದೇವನ ಅಟ್ಟದ ಮೇಲೆ, ಅವನ ಅಜ್ಜ ಇಟ್ಟುಹೋದ ಸಾಗವಾನಿ ಪಟ್ಟಿಗಳು.

ಮುರಗೆಪ್ಪ ಹಲ್ಲು ಕಚ್ಚಿಕೊಂಡು ಆ ಹೊಸ್ತಿಲಲ್ಲಿ ನಿಂತ.

"ಕಾಯ್ ರೇ, ಎಣ್ಣಿ ಬೇಕೇನು?" ಎಂದ ಜ್ಞಾನದೇವ, ಅರ್ಧ ಮರಾಠಿಯಲ್ಲಿ.

"ಪಟ್ಟಿ ಬೇಕು. ತಿರುಗಿ ಕೊಡ್ತೀನಿ. ನಗೋದಿದ್ರ ಈಗ ನಕ್ಕು ಮುಗಸು."

ಜ್ಞಾನದೇವ ನಗಲಿಲ್ಲ. ಏಣಿ ಹಚ್ಚಿ ಅಟ್ಟ ಹತ್ತಿದ. "ನಮ್ಮ ಮಂಡಳದಾಗ ಹೇಳಬ್ಯಾಡ, ನನ್ನ ತೊಗಲು ಸುಲೀತಾರ."

ನಡುವಿನಿಂದ ಅಂಚಿನ ಕಡೆಗೆ ಮುರಗೆಪ್ಪ ಒಂದೊಂದೇ ಸ್ಕ್ರೂ ತಿರುಗಿಸಿದ. ಹಲಗೆ ನರಳಿತು, ಕಟಕಟ ಎಂದಿತು, ಇನ್ನೇನು ಸೀಳಿತು ಎಂದು ಗಿರಿಜವ್ವ ಕಣ್ಣು ಮುಚ್ಚಿದಳು. ಕೊನೆಯ ಸ್ಕ್ರೂ ಕೂತಾಗ ಹಲಗೆ ಮಲಗಿತು. ತಳಕ್ಕೂ ಬಣ್ಣ ಬಿತ್ತು. ಗೋಲಿಯೊಂದನ್ನು ಇಟ್ಟರೆ ಇಟ್ಟಲ್ಲೇ ನಿಂತಿತು.

ಚೌತಿಯ ಸಂಜೆ ರಾವಸಾಹೇಬರು ಗುಂಡಿ ಒತ್ತಿದರು. ರೈಲು ತಂಬಾಕಿನ ಹೊಲ ದಾಟಿತು, ಗುಡ್ಡ ಸುತ್ತಿತು, ಹಲಗೆ ಕೂಡುವ ಜಾಗಕ್ಕೆ ಬಂತು. ಮುರಗೆಪ್ಪ ಬಗ್ಗಿ ಹಲಗೆಗೆ ಕಿವಿ ಕೊಟ್ಟ. ಟಕ್ ಎಂಬ ಸಣ್ಣ ಸದ್ದು, ಅಷ್ಟೇ. ಡಬ್ಬಿಗಳು ಒಂದರ ಹಿಂದೊಂದು ನಿಪ್ಪಾಣಿ ಸ್ಟೇಶನ್ನಿಗೆ ಹೋಗಿ ನಿಂತವು. ಮುದುಕರು ಸಹ ಸೀಟಿ ಹೊಡೆದರು. ಸುತ್ತಲಿನ ಭೋಜ, ಬೇಡಕಿಹಾಳದಂಥ ಹಳ್ಳಿಗಳಿಂದ ಜನ ಟ್ರ್ಯಾಕ್ಟರ್ ಹೂಡಿಕೊಂಡು ಬಂದು ನೋಡಿದರು.

ವಿಸರ್ಜನೆಯಾದ ಮೇಲೆ ಪಟ್ಟಿ ಬಿಚ್ಚಲು ಹೋದರೆ ರಾವಸಾಹೇಬರು ಹಲಗೆಗೆ ಅಡ್ಡ ನಿಂತರು. ರೈಲು ವರ್ಷಾವರ್ಷ ಓಡಬೇಕಂತೆ. ಮುರಗೆಪ್ಪ ಬೇರೆ ಸಾಗವಾನಿ ತಂದು, ಕೆತ್ತಿ, ನುಣುಪು ಮಾಡಿ ಜ್ಞಾನದೇವನ ಮನೆಗೆ ಹೊತ್ತೊಯ್ದ. ಜ್ಞಾನದೇವ ಬಾಗಿಲಲ್ಲೇ ತಡೆದ.

"ಈಗ ಬ್ಯಾಡ. ನಿಪ್ಪಾಣಿಗೆ ಖರೇ ರೈಲು ಬರ್ಲಿ, ಅವತ್ತ ತಗೊಂಡು ಬಾ."

"ಅಲ್ಲೀತನಕ ನಾ ನಿನ್ನ ಹಂಗಿನಾಗ ಇರಬೇಕೇನಲೇ?"

"ಇರು. ನಿನ್ನ ಸಿಟ್ಟಾದ್ರೂ ಸ್ವಲ್ಪ ಸಪಾಟ ಆಗ್ಲಿ."

ಆ ಹೊಸ ಪಟ್ಟಿಗಳು ಮುರಗೆಪ್ಪನ ಅಟ್ಟದ ಮೇಲೆ ಹಾಗೇ ಇವೆ, ಒಣಗಿ, ತಟ್ಟಿದರೆ ಗಂಟೆಯಂತೆ ನುಡಿಯುತ್ತವೆ. ರೈಲು ಇನ್ನೂ ಬಂದಿಲ್ಲ.